ದಿಬ್ಬದ ಮೇಲೆ ಏನೂ ಇಲ್ಲ

ಮೆಣಸಿನಕಾಯಿಯ ಮೇಲೆ ಹೊದಿಸಿದ ತಾಡಪತ್ರಿಯನ್ನು ಬೆಳಿಗ್ಗೆ ತೆಗೆಯುವುದಕ್ಕೆ ಇಬ್ಬರು ಬೇಕು. ಒಬ್ಬರೇ ಎಳೆದರೆ ರಾತ್ರಿಯ ಇಬ್ಬನಿ ಮಡಿಕೆಯಿಂದ ಜಾರಿ ಕಾಯಿಯ ಮೇಲೆ ಸುರಿಯುತ್ತದೆ. ನೀರು ಬಿದ್ದ ಜಾಗದ ಕಾಯಿ ಬಿಳಿಚಿಕೊಳ್ಳುತ್ತದೆ, ಬ್ಯಾಡಗಿ ಪೇಟೆಯಲ್ಲಿ ಅದನ್ನು ಬೇರೆ ಗುಡ್ಡೆಗೆ ನೂಕುತ್ತಾರೆ. ಅದಕ್ಕೇ ಮಹೇಶ್ವರಿ ಈ ಕಡೆಯ ತುದಿ ಹಿಡಿದಿದ್ದಳು, ಏಳು ವರ್ಷದ ಮಗಳು ಅಂಜಲಿ ಆ ಕಡೆಯ ತುದಿ ಹಿಡಿದು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು.

"ಮೆಲ್ಲಕ. ಎತ್ತಿ ಹಿಡಿ, ಎಳೀಬ್ಯಾಡ."

"ಎತ್ತೇ ಹಿಡದೇನಿ ಬೇ."

ಅರ್ಧ ಕಣ ತೆರೆದಿತ್ತು. ಕೆಂಪು ಕಾಯಿ ಎಳೆ ಬಿಸಿಲಿಗೆ ಮುಖ ಒಡ್ಡಿತ್ತು. ಅಷ್ಟರಲ್ಲಿ ಸ್ಕೂಟಿಯೊಂದು ಬೇಲಿಯ ಹತ್ತಿರ ಬಂದು ನಿಂತಿತು. ಹೆಲ್ಮೆಟ್ ತೆಗೆದ ಹುಡುಗಿಗೆ ಇಪ್ಪತ್ತೈದರ ಆಸುಪಾಸು. ಚೂಡಿದಾರದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯ ಹಸಿರು ಜಾಕೀಟು ಹಾಕಿಕೊಂಡಿದ್ದಳು.

"ಅಕ್ಕಾರ, ಮೈಲಪ್ಪಜ್ಜಾರ ಸೊಸಿ ನೀವ ಏನ್ರಿ? ನಾನು ಕಾವ್ಯಾ. ಕರ್ಜಗಿಯಾಕಿ, ಈಗ ಹಾವೇರಿ ಆಫೀಸಿನಾಗ ಅದೇನಿ. ಶುಕ್ರವಾರ ಸಾಲಿ ಮುಂದ ಸಭೆ ಐತ್ರಿ. ಅದಕ್ಕಿಂತ ಮೊದಲ ಮನಿಮನಿಗೆ ಹೋಗಿ ಹೆಣ್ಮಕ್ಕಳನ್ನ ಮಾತಾಡಸಾಕತ್ತೇನಿ."

"ಏನ್ ಮಾತು?"

"ದಿಬ್ಬದ್ದು."

ಮಹೇಶ್ವರಿ ತಾಡಪತ್ರಿಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬೇರೇನೂ ಆಗಲಿಲ್ಲ.

ಕಾವ್ಯಾ ಬೇಲಿ ದಾಟಿ ಒಳಗೆ ಬಂದಳು. ಚಪ್ಪಲಿಯನ್ನು ಕಣದ ಹೊರಗೇ ಬಿಟ್ಟಳು. ರೈತರ ಮನೆಯ ಹುಡುಗಿ ಎಂಬುದು ಅಷ್ಟರಿಂದಲೇ ತಿಳಿಯುತ್ತಿತ್ತು. "ಹೋದ ಸಲ ಬರೇ ಗಂಡಸರನ್ನ ಕೇಳಿ ಹೋದ್ವಿ. ಅದು ನಮ್ಮ ತಪ್ಪು. ಈಗ ನಿಮ್ಮನ್ನ ಕೇಳಾಕತ್ತೇನ್ರಿ. ದಿಬ್ಬದ ಮ್ಯಾಲೆ ಗುಡಿ, ಕಟ್ಟಿ, ನಾಗರಕಲ್ಲು, ಗೋರಿ ಅಂತ ಏನರ ಐತೇನು? ಕುರಿ ಹಾಯೂ ದಾರಿ? ನೀವು ಕೈಮುಗಿಯೂ ಜಾಗ?"

"ನಮ್ಮ ಮಾವಾರನ್ನ ಕೇಳ್ರಿ."

"ಕೇಳೇವ್ರಿ. ಏನೂ ಇಲ್ಲಂದ್ರು. ಅದಕ್ಕ ನಿಮ್ಮನ್ನ ಕೇಳೂದು. ಸಣ್ಣದಿದ್ರೂ ಹೇಳ್ರಿ. ಗಾಳಿ ಫ್ಯಾನಿನ ಬುಡ ಅಲ್ಲೇ ಆಗಬೇಕು ಅಂತ ಹಟ ಇಲ್ಲ. ಆಚಿ ಊರಾಗ ದುರಗವ್ವನ ಕಲ್ಲೈತಿ ಅಂದ್ರು, ಸರಿಸಿದ್ವಿ. ಆದ್ರ ಒಮ್ಮೆ ಜೆಸಿಬಿ ಇಳೀತಂದ್ರ ಮುಗೀತು. ಆಮ್ಯಾಲೆ ನೀವು ಅತ್ತರೂ ನನ್ನ ಕೈಯಾಗ ಏನೂ ಇರೂದಿಲ್ಲ."

ಆ ತುದಿಯಲ್ಲಿ ಅಂಜಲಿಯ ಕೈ ಸೋತಿತ್ತು. ತಾಡಪತ್ರಿ ಜೋತುಬಿದ್ದು, ಮಡಿಕೆಯಲ್ಲಿ ನಿಂತ ನೀರು ಜಾರಿ ಕಾಯಿಯ ಮೇಲೆ ಹರಿಯಿತು. ಮಹೇಶ್ವರಿ ಅದನ್ನು ನೋಡಿದಳು. ಬೈಯಬೇಕು ಎಂದು ನೆನಪಾಯಿತು, ಬೈಯಲಿಲ್ಲ.

"ಎಷ್ಟು ತಗ್ಗು ತಗೀತಾರ?" ಎಂದು ಅಂಜಲಿ ಕಾವ್ಯಾಳನ್ನು ಕೇಳಿದಳು.

"ಬುಡಕ್ಕೇನು ಪುಟ್ಟಿ? ನಿಮ್ಮ ಮನಿ ಪೂರಾ ಹಿಡಿಯೂವಷ್ಟು. ಮಾಳಗಿ ಸುದ್ದಾ ಮ್ಯಾಲೆ ಕಾಣೂದಿಲ್ಲ ನೋಡು."

"ಆ ಮಣ್ಣು?"

"ಮಗ್ಗಲಾ ಒಟ್ಟಿರ್ತಾರ. ಕಡೀಕ ರಸ್ತಾಕ ಹಾಕ್ತಾರ."

ಅಂಜಲಿ ಮತ್ತೊಂದು ಪ್ರಶ್ನೆಗೆ ಬಾಯಿ ತೆರೆದಳು. ಅವ್ವನ ಮುಖ ನೋಡಿ ಮುಚ್ಚಿದಳು. ಈ ಎರಡು ವರ್ಷಗಳಲ್ಲಿ ಅವಳು ಹಾಗೆ ಬಾಯಿ ತೆರೆದು ಮುಚ್ಚಿದ್ದನ್ನು ಮಹೇಶ್ವರಿ ಎಷ್ಟೋ ಸಲ ನೋಡಿದ್ದಳು. ತಲೆ ಬಾಚುವಾಗ, ಹಾಲು ಕೊಡುವಾಗ, ಸಾಲಿಯ ಚೀಲ ಹೆಗಲಿಗೆ ಏರಿಸುವಾಗ. ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ತನಗೆ ಉತ್ತರ ಗೊತ್ತಿಲ್ಲ ಎಂಬುದೂ ಗೊತ್ತಿತ್ತು.

ಇವರ ಊರು ಗೊಗ್ಗಿಹಾಳ ಎಂದರೆ ಕದರಮಂಡಲಗಿ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸಿಗುವ ಸಣ್ಣ ಊರು. ಸತ್ತ ದೊಡ್ಡವರಿಗೆ ಹಳ್ಳದ ದಂಡೆಯಲ್ಲಿ ಜಾಗ ಇದೆ. ಹಲ್ಲು ಮೂಡುವ ಮೊದಲು ಹೋದ ಕೂಸಿಗೆ ಅಲ್ಲಿ ಜಾಗವಿಲ್ಲ. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮನೆಯ ಹಿರಿಯ ಗಂಡಸು ಒಬ್ಬನೇ ದಿಬ್ಬಕ್ಕೆ ಒಯ್ಯುತ್ತಾನೆ. ಹೆತ್ತವನು ಹೋಗುವಂತಿಲ್ಲ. ಹೆತ್ತವಳು ಹೊಸ್ತಿಲು ದಾಟುವಂತಿಲ್ಲ. ನಾಯಿ ಕೆದರದಂತೆ ಮೇಲೆ ಒಂದು ಕಲ್ಲು ಇಟ್ಟು, ಹೋದ ದಾರಿ ಬಿಟ್ಟು ಬೇರೆ ದಾರಿಯಿಂದ ಬರಬೇಕು. ಎಲ್ಲಿ ಇಟ್ಟೆ ಎಂದು ಯಾರೂ ಕೇಳಬಾರದು, ಅವನೂ ಹೇಳಬಾರದು. ಹಾಲು ತುಪ್ಪ ಇಲ್ಲ, ಮೂರು ದಿನದ ಎಡೆ ಇಲ್ಲ. ತಾಯಿಗೆ ಜಾಗ ಗೊತ್ತಾದರೆ ಅವಳ ಮನಸ್ಸು ಅಲ್ಲೇ ಕೂತುಬಿಡುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎನ್ನುತ್ತಾರೆ. ಆ ಕೂಸಿನ ಹೆಸರನ್ನೂ ಮತ್ತೆ ಎತ್ತುವುದಿಲ್ಲ. ದಿಬ್ಬದ ಮೇಲೆ ಗೋರಿ ಇದೆಯೇ ಎಂದು ಹೊರಗಿನವರು ಕೇಳಿದರೆ ಊರಿನವರು ಇಲ್ಲ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಅವುಗಳನ್ನು ಅವರು ಗೋರಿ ಎಂದು ಕರೆದೇ ಇಲ್ಲ.

ಎರಡು ವರ್ಷದ ಹಿಂದೆ ಮಹೇಶ್ವರಿಯ ಎರಡನೆಯ ಹೆಣ್ಣುಕೂಸು ಐದು ತಿಂಗಳಿಗೆ ಜ್ವರ ಬಂದು ಹೋಯಿತು. ಗಂಡ ಕನಕರಾಜ ಮೆಣಸಿನಕಾಯಿ ಲೋಡು ಹಾಕಿಕೊಂಡು ಗುಂಟೂರಿಗೆ ಹೋಗಿದ್ದ. ಇವಳು ಅಂಜಲಿಯನ್ನೂ ಕರೆದುಕೊಂಡು ಕೂಸನ್ನು ರಾಣೆಬೆನ್ನೂರಿಗೆ ಒಯ್ದಿದ್ದಳು. ಹೋಗುವುದೇ ತಡವಾಗಿತ್ತು. ವಾಪಸು ಬಸ್ಸಿನಲ್ಲೇ ಬಂದಳು. ಹೇಳಿದರೆ ಕಂಡಕ್ಟರ್ ಹತ್ತಿಸಿಕೊಳ್ಳುವುದಿಲ್ಲ ಎಂದು ಆಸ್ಪತ್ರೆಯ ಮುಂದಿನ ಹಣ್ಣಿನ ಗಾಡಿಯವಳು ಹೇಳಿದ್ದಳು. ಕೂಸನ್ನು ಎದೆಗೆ ಒತ್ತಿಕೊಂಡು ಸೆರಗು ಮುಚ್ಚಿದಳು. ಪಕ್ಕದಲ್ಲಿ ಕೂತ ಹೆಂಗಸು ಸೆರಗು ಸರಿಸಿ ನೋಡಿ, "ಛಂದ ನಿದ್ದಿ ಹತ್ತೇತಲ್ಲ" ಎಂದಳು. ಮಹೇಶ್ವರಿ "ಹೂಂ" ಎಂದಳು. ಅಂಜಲಿ ಕಿಟಕಿಯ ಪಕ್ಕ ಕೂತು ತಂಗಿಯ ಕಾಲಿನ ಕಪ್ಪು ದಾರವನ್ನು ಬೆರಳಿಗೆ ಸುತ್ತುತ್ತ ಬಂದಳು.

ಮನೆಗೆ ಬಂದ ಮೇಲೆ ಅತ್ತೆ ಚೌಡವ್ವ ಕೂಸನ್ನು ಇಸಿದುಕೊಂಡಳು. ಮಾವ ಮೈಲಪ್ಪ ಗುದ್ದಲಿ ತೆಗೆದುಕೊಂಡ. ಎದೆಯ ಹಾಲು ಬತ್ತಲೆಂದು ಚೌಡವ್ವ ಮಲ್ಲಿಗೆ ಮೊಗ್ಗು ಜಜ್ಜಿ ಸೊಸೆಗೆ ಕಟ್ಟಿದಳು. ಹಾಲು ಬತ್ತಿತು. ಅದರ ಜೊತೆಗೆ ಇನ್ನೇನೋ ಬತ್ತಿತು. ಮಹೇಶ್ವರಿ ಮರುದಿನ ಎದ್ದು ರೊಟ್ಟಿ ಬಡಿದಳು. ಅವಳ ಕೈಗೆ ಹಂಚಿನ ಬಿಸಿ ತಾಗುವುದು ಅಂದಿನಿಂದ ಕಡಿಮೆಯಾಯಿತು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದರು, ಇವಳು ಕೆಮ್ಮುತ್ತಿರಲಿಲ್ಲ. ಗಟ್ಟಿ ಹೆಣ್ಣು ಎಂದರು ಓಣಿಯ ಜನ.

ಕಾವ್ಯಾ ಹೋದ ಮೇಲೆ ಮಹೇಶ್ವರಿ ತಾಡಪತ್ರಿ ಮಡಚಿ, ತೊಯ್ದ ಕಾಯಿಯನ್ನು ಬೇರೆ ಹರವಿ, ಅಂಜಲಿಯನ್ನು ಸಾಲಿಗೆ ಕಳಿಸಿ, ಎಮ್ಮೆಗೆ ನೀರು ಕುಡಿಸಿ, ತೊಟ್ಟು ಬಿಡಿಸುವುದಕ್ಕೆ ಕೂತಳು. ಪಕ್ಕದ ಮನೆಯ ಸಕೀನಾಬಿ ತನ್ನ ಮಣೆ ತೆಗೆದುಕೊಂಡು ಬಂದಳು. ಮೆಣಸಿನ ಸುಗ್ಗಿ ಬಂದರೆ ಇಬ್ಬರೂ ಒಬ್ಬರ ಕಣದಲ್ಲಿ ಒಬ್ಬರು ಕೂತು ಬಿಡಿಸುತ್ತಾರೆ. ಬಾಯಿ ಸುಮ್ಮನಿದ್ದರೆ ಕೈ ಓಡುವುದಿಲ್ಲ ಎಂದು ಸಕೀನಾಬಿಯ ವಾದ.

"ಆ ಹುಡುಗಿ ನಮ್ಮ ಮನಿಗೂ ಬಂದಿತ್ತು," ಎಂದಳು ಸಕೀನಾಬಿ. "ಚಹಾ ಕುಡಿ ಅಂದ್ರ ಬ್ಯಾಡ ಅಂತು. ಕಂಪನಿಯವರು ಚಹಾ ಸುದ್ದಾ ಕುಡೀಬಾರದಂತ, ಲಂಚ ಆಗತೈತಂತ. ನನ್ನ ಮಗ ನಾಸೀರ ಹೇಳ್ತಾನ, ಹಂಗಾರ ತಲಾಟಿಗಳಿಗೆಲ್ಲಾ ಈ ಹುಡುಗೀನ ಮಾಸ್ತರ ಮಾಡ್ರಿ ಅಂತ."

ಮಹೇಶ್ವರಿ ನಗಲಿಲ್ಲ. ಸಕೀನಾಬಿ ತಾನೇ ಸ್ವಲ್ಪ ನಕ್ಕು ನಿಲ್ಲಿಸಿದಳು.

"ನೀ ಹೇಳಿದಿ ಏನು?"

"ಏನ್ ಹೇಳೂದು?"

"ನನ್ನ ಮುಂದ ಹಂಗ ಮಾಡಬ್ಯಾಡ ಮಹೇಶಿ. ನಾ ಅವತ್ತ ನಿಮ್ಮ ಬಾಗಲದಾಗ ನಿಂತಿದ್ದೆ."

ಮಹೇಶ್ವರಿ ಇನ್ನೊಂದು ಕಾಯಿಯ ತೊಟ್ಟು ಮುರಿದಳು. ಸಕೀನಾಬಿ ದನಿ ತಗ್ಗಿಸಿದಳು. "ನಮ್ಮ ಚೊಚ್ಚಲದ್ದು ಹೋತಲ್ಲ, ಅದು ಮೂರು ದಿನದ್ದು. ಖಬರಸ್ಥಾನದಾಗ ಬೇವಿನ ಗಿಡದ ಬುಡಕ್ಕ ಐತಿ. ಶಬೇ ಬರಾತಿಗೆ ನಾಸೀರ ಒಳಗ ಹೋಗಿ ಊದಿನಕಡ್ಡಿ ಹಚ್ಚತಾನ. ನಮಗ ಹೆಣ್ಮಕ್ಕಳಿಗೆ ಒಳಗ ಹೋಗಾಕ ಇಲ್ಲ. ನಾ ಗೇಟಿನ ಹೊರಗ ನಿಂತು ಹೊಗಿ ನೋಡತೇನಿ. ಹೊಗಿ ಕಂಡರ ಸಾಕಾಗತೈತಿ ನೋಡು."

"ನಂದು ಎಲ್ಲೈತಿ ಅಂತ ನನಗ ಗೊತ್ತಿಲ್ಲ."

"ಅದನ್ನ ಹೇಳು ಆ ಹುಡುಗಿಗೆ."

"ಗೊತ್ತಿಲ್ಲದ್ದನ್ನ ಹೆಂಗ ಹೇಳೂದು? ಫ್ಯಾನು ಸರಸ್ರಿ ಅಂದ್ರ ಎಲ್ಲಿಗೆ ಅಂತಾರ. ಎಲ್ಲಿಂದ ಎಲ್ಲಿಗೆ ಅಂತ ಹೇಳಲಿ?"

ಸಕೀನಾಬಿ ಬಿಡಿಸಿದ ಕಾಯಿಯನ್ನು ಚೀಲಕ್ಕೆ ತುಂಬಿ, "ನಿಮ್ಮ ಮಂದಿ ಭಾಳ ಚಲೋ ಅದಾರ. ಆದ್ರ ಇದೊಂದ ಖರೇನ ಕಟುಕತನ" ಎಂದಳು. ಚೀಲದ ಬಾಯಿ ಮಡಚುತ್ತ, "ಸಿಟ್ಟಾಗಬ್ಯಾಡ ಮತ್ತ" ಎಂದು ಸೇರಿಸಿದಳು.

ಮಹೇಶ್ವರಿಗೆ ಸಿಟ್ಟು ಬಂದಿರಲಿಲ್ಲ. ಫ್ಯಾನು ಬೇಡವೆಂದೂ ಅವಳಿಗೆ ಅನ್ನಿಸಿರಲಿಲ್ಲ. ಗದಗಿನ ದಾರಿಯಲ್ಲಿ ಸಾಲಾಗಿ ನಿಂತ ಫ್ಯಾನುಗಳನ್ನು ಅವಳು ಬಸ್ಸಿನಿಂದ ನೋಡಿದ್ದಳು. ಬೆಳ್ಳಗೆ, ಅವಸರವಿಲ್ಲದೆ ತಿರುಗುತ್ತಿದ್ದವು. ಹೊಗೆಯಿಲ್ಲ, ಬೂದಿಯಿಲ್ಲ. ಆ ಗುಂಡಿ ಒಂದು ಬೇರೆ ಕಡೆ ಆದರೆ ಸಾಕು. ಜೆಸಿಬಿಯ ಹಲ್ಲಿಗೆ ಹಳೆಯ ಸೀರೆಯ ಚೂರೊಂದು ಸಿಕ್ಕಿ ಜೋತಾಡುವ ಚಿತ್ರ ಅವಳ ಕಣ್ಣಮುಂದೆ ಬರುತ್ತಿತ್ತು. ಅದು ಬಂದಾಗಲೂ ಅಳು ಬರುತ್ತಿರಲಿಲ್ಲ. ಸೀರೆಯ ಬಣ್ಣ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು, ಹಳದಿ ಅಂಚಿನ ನೀಲಿ.

ಮಧ್ಯಾಹ್ನ ಕನಕರಾಜ ಬ್ಯಾಡಗಿಯಲ್ಲಿ ಚೀಲ ಇಳಿಸಿ ಬಂದ. ಗಾಡಿಯನ್ನು ನೆರಳಿಗೆ ನಿಲ್ಲಿಸಿ, ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಮೈಯೆಲ್ಲ ಝಾಡಿಸಿಕೊಂಡ. ಕೆಂಪು ಧೂಳು ಹಾರಿತು. ಊಟಕ್ಕೆ ಕೂತಾಗ ಮಹೇಶ್ವರಿ ಬದನೆಕಾಯಿ ಪಲ್ಯ ಬಡಿಸುತ್ತ ಕೇಳಿದಳು.

"ನಿಮಗರ ಗೊತ್ತೈತೇನು?"

ಅವನಿಗೆ ಏನೆಂದು ತಿಳಿಯಿತು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಾ ಬರೂದ್ರಾಗ ಎಲ್ಲಾ ಮುಗಿದಿತ್ತು. ಅಪ್ಪಗ ಒಬ್ಬಂಗ ಗೊತ್ತು."

"ಕೇಳ್ರಿ."

"ಕೇಳಬಾರದು."

"ಶುಕ್ರವಾರ ಆದ ಮ್ಯಾಲೆ ಕೇಳಿ ಉಪಯೋಗಿಲ್ಲ."

ಕನಕರಾಜ ತಾಟನ್ನು ಮುಂದಕ್ಕೆ ಸರಿಸಿದ. ಕೆಟ್ಟ ಮನುಷ್ಯನಲ್ಲ. ಗುಂಟೂರಿನಿಂದ ಬಂದ ದಿನ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದವನು ಅವನೇ, ಹೆಂಡತಿಯ ಕಣ್ಣಿಗೆ ಬೀಳಬಾರದೆಂದು. "ಒಂದ್ಸಲ ಕೇಳಾಕ ಹೋಗಿದ್ದೆ ಮಹೇಶಿ," ಎಂದ. "ಹೊಲದಾಗ ಇಬ್ಬರ ಇದ್ವಿ. ಅಪ್ಪಾ ಅಂದೆ. ಏನು ಅಂದ. ಬೀಡಿ ಐತೇನು ಅಂತ ಕೇಳಿ ಬಂದೆ. ನಾ ಬೀಡಿನ ಸೇದೂದಿಲ್ಲ, ಅಪ್ಪಗೂ ಗೊತ್ತು. ಕೊಟ್ಟ."

ಸಂಜೆ ಅವಳು ಚೌಡವ್ವನ ತಲೆಗೆ ಎಣ್ಣೆ ಹಚ್ಚುತ್ತ ಕೂತಳು. ವಾರಕ್ಕೊಮ್ಮೆ ಹಚ್ಚುವ ರೂಢಿ. ಅಂಜಲಿ ಪಕ್ಕದಲ್ಲೇ ಮಗ್ಗಿ ಬರೆಯುತ್ತಿದ್ದಳು. ಅತ್ತೆಯ ಬಿಳಿಗೂದಲು ಬೆರಳಿನ ಸಂದಿಯಲ್ಲಿ ನೂಲಿನಂತೆ ಜಾರುತ್ತಿತ್ತು.

"ಅತ್ತಿ, ಸಭಾದಾಗ ನಾ ಮಾತಾಡಲೇನು?"

ಚೌಡವ್ವ ತಲೆ ತಿರುಗಿಸಲಿಲ್ಲ. "ಏನಂತ?"

"ದಿಬ್ಬದ ಮ್ಯಾಲೆ ಅದಾವ ಅಂತ."

"ಬಾಯಿ ಬಿಟ್ಟು ಕರದ್ರ ಎದ್ದು ಬರ್ತಾವ. ಹಾಲು ಕೇಳ್ತಾವ. ಎಲ್ಲಿಂದ ತಂದು ಕೊಡ್ತಿ? ಬ್ಯಾಡ."

"ಮನ್ಯಾಗ ಕುಂತು ಸುಮ್ಮನಿದ್ರ ಜೆಸಿಬಿ ಎಬ್ಬಸತೈತಿ."

ಎಣ್ಣೆಯ ಬಟ್ಟಲು ತಿಕ್ಕಿದಂತೆ ಖಾಲಿಯಾಗಿತ್ತು. ಮುದುಕಿ ಅದನ್ನು ಕೈಗೆ ತೆಗೆದುಕೊಂಡು ಬೋರಲು ಇಟ್ಟಳು. ಆಮೇಲೆ, "ನಂದೂ ಅದಾವ ಅಲ್ಲಿ" ಎಂದಳು.

ಮದುವೆಯಾಗಿ ಇಷ್ಟು ವರ್ಷವಾಗಿದ್ದರೂ ಮಹೇಶ್ವರಿ ಅದನ್ನು ಕೇಳಿರಲಿಲ್ಲ. "ಎಷ್ಟು?"

"ಎಣಸಬಾರದವ್ವಾ."

ಅಂಜಲಿಯ ಪೆನ್ಸಿಲು ನಿಂತಿತ್ತು. ಅಜ್ಜಿ, ಅವ್ವ ಇಬ್ಬರನ್ನೂ ನೋಡಿದಳು. "ಅವ್ವಾ," ಎಂದಳು.

"ಏನು?"

ಬಾಯಿ ತೆರೆದೇ ಇತ್ತು. "ಏಳೆಂಟ್ಲೆ ಎಷ್ಟು?"

"ಐವತ್ತಾರು," ಎಂದು ಚೌಡವ್ವ ಹೇಳಿ ಎದ್ದುಹೋದಳು. ಸಾಲಿಯ ಮೆಟ್ಟಿಲು ಹತ್ತದ ಮುದುಕಿಗೆ ಸಂತೆಯ ಮಗ್ಗಿ ಪೂರಾ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಮೈಲಪ್ಪನ ಬುತ್ತಿಯನ್ನು ಮಹೇಶ್ವರಿ ತಾನೇ ಒಯ್ದಳು. ಅವನು ಕುರಿ ಬಿಟ್ಟುಕೊಂಡು ದಿಬ್ಬದ ಮೇಲೆ ಇರುತ್ತಿದ್ದ. ಬುತ್ತಿಯನ್ನು ಯಾವಾಗಲೂ ಕನಕರಾಜ ಇಲ್ಲವೇ ಯಾರಾದರೂ ಗಂಡಾಳು ಒಯ್ಯುತ್ತಿದ್ದರು. ಇವಳು ಸೊಸೆಯಾಗಿ ಬಂದ ಮೇಲೆ ದಿಬ್ಬ ಹತ್ತಿದ್ದು ಇದೇ ಮೊದಲು. ದಾರಿ ಅಂಥ ದೂರವೇನೂ ಅಲ್ಲ. ಹಿತ್ತಲಿನಿಂದ ದಿನವೂ ಕಾಣುವ ದಿಬ್ಬವೇ.

ಮೇಲೆ ಗಾಳಿ ಜೋರಾಗಿತ್ತು. ತಂಗಟೆ ಗಿಡ, ಒಣಗಿದ ಹುಲ್ಲು, ಎಲ್ಲೆಲ್ಲೂ ಕಲ್ಲು. ತಲೆಯಷ್ಟು ದೊಡ್ಡ ಕಲ್ಲು, ಮಣೆಯಷ್ಟು ಚಪ್ಪಟೆ ಕಲ್ಲು, ಅರ್ಧ ಹೂತ ಕಲ್ಲು. ಯಾವುದು ತಾನಾಗಿ ಬಿದ್ದದ್ದು, ಯಾವುದು ಇಟ್ಟದ್ದು, ಹೇಳಲಾಗುತ್ತಿರಲಿಲ್ಲ. ನಡುವೆ ಕಂಪನಿಯವರು ಹೊಡೆದ ಕಬ್ಬಿಣದ ಗೂಟ. ಅದರ ತುದಿಯ ಕೆಂಪು ರಿಬ್ಬನ್ನು ಗಾಳಿಗೆ ಪಟಪಟ ಅನ್ನುತ್ತಿತ್ತು. ಗೂಟದ ಸುತ್ತ ದೊಡ್ಡದೊಂದು ವೃತ್ತವನ್ನು ಸುಣ್ಣದ ಪುಡಿಯಲ್ಲಿ ಎಳೆದಿದ್ದರು.

ಮಹೇಶ್ವರಿ ಬುತ್ತಿಯ ಗಂಟು ಹಿಡಿದು ನಿಂತಳು. ಇಲ್ಲಿಗೆ ಬಂದರೆ ಏನಾದರೂ ಆಗುತ್ತದೆ, ಕಾಲು ತಾನಾಗಿ ಒಂದು ಕಡೆ ಹೋಗುತ್ತದೆ, ಎದೆಯಲ್ಲಿ ಏನಾದರೂ ಎಳೆಯುತ್ತದೆ ಎಂದುಕೊಂಡಿದ್ದಳು. ಏನೂ ಎಳೆಯಲಿಲ್ಲ. ಕುರಿಗಳು ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು. ದೂರದಲ್ಲಿ ಬ್ಯಾಡಗಿಯ ಕಡೆಯ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು.

ಮೈಲಪ್ಪ ಕಂಬಳಿಯ ಮೇಲೆ ಕೂತಿದ್ದ. ಸೊಸೆಯನ್ನು ಕಂಡು ಅವನಿಗೆ ಆಶ್ಚರ್ಯವಾಗಿದ್ದರೂ ತೋರಿಸಲಿಲ್ಲ. "ಕನಕ ಎಲ್ಲಿ ಹೋಗ್ಯಾನ?"

"ಪ್ಯಾಟಿಗೆ ಹೋಗ್ಯಾರ."

"ಹಂಗಾರ ಇಟ್ಟು ಹೋಗವಾ. ಬಿಸಲಾಗತೈತಿ."

ಅವಳು ಹೋಗಲಿಲ್ಲ. ಮುದುಕ ಗಂಟು ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹರಡಿಕೊಂಡ. ಮರಿ ಹಾಕಿದ ಕುರಿಯ ಮಾತು ಆಡಿದ. ಈ ಸಲದ ಡಬ್ಬಿ ಮೆಣಸಿನಕಾಯಿಗೆ ಬಣ್ಣ ಚೆನ್ನಾಗಿ ಬಂದಿದೆ ಎಂದ. ಅವಳು ಕೇಳುತ್ತ, ಹೆಜ್ಜೆ ಹೆಜ್ಜೆಯಾಗಿ ಸುಣ್ಣದ ಗೆರೆಯ ಒಳಗೆ ಹೋದಳು. ಗೂಟವನ್ನು ಬಳಸಿ, ತಂಗಟೆ ಗಿಡ ಎರಡು ಜೋಡಿ ನಿಂತ ಜಾಗಕ್ಕೆ ಬಂದಳು.

"ಅಲ್ಲಿ ನಿಂದ್ರಬ್ಯಾಡ," ಎಂದ ಮೈಲಪ್ಪ. "ಈ ಕಡೆ ಬಾ."

ಅವಳು ತಿರುಗಿ ನೋಡಿದಳು. ಮುದುಕನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತ್ತು.

"ಯಾಕ ಮಾವಾರ?"

"ಮುಳ್ಳದಾವ."

ಅವಳು ಕಾಲ ಕೆಳಗೆ ನೋಡಿದಳು. ಮುಳ್ಳು ಇರಲಿಲ್ಲ. ಚಪ್ಪಟೆ ಕಲ್ಲೊಂದು ಇತ್ತು, ಅದರ ಬದಿಗೆ ಇರುವೆಗಳ ಸಾಲು. ಕೂತು ಮುಟ್ಟಬಹುದಾಗಿತ್ತು. ಮಾವ ನೋಡುತ್ತಿದ್ದಾನೆ, ಮುಟ್ಟಲಿಲ್ಲ. ಕಲ್ಲಿನ ಪಕ್ಕದಿಂದ ಕಾಲು ಸರಿಸಿ ಹೊರಗೆ ಬಂದಳು. ಬಂದವಳು ಗೂಟದಿಂದ ಆ ಜಾಗ ಎಷ್ಟು ಹೆಜ್ಜೆ ಎಂದು ನೋಡಿಕೊಳ್ಳಬೇಕಿತ್ತು, ಅದೂ ಹೊಳೆಯಲಿಲ್ಲ. ಇಳಿಜಾರಿನ ಕೊನೆಗೆ ಬಂದು ತಿರುಗಿದಾಗ ಎಲ್ಲ ಕಲ್ಲುಗಳೂ ಒಂದೇ ಥರ ಕಂಡವು.

"ಅವರಿಗೆ ಏನ್ ಹೇಳಿದ್ರಿ ಮಾವಾರ, ಆ ಕಂಪನಿಯವರಿಗೆ?" ಎಂದು ಅವಳು ಇಳಿಯುವ ಮೊದಲು ಕೇಳಿದ್ದಳು.

"ಏನೈತಿ ಹೇಳಾಕ? ಏನೂ ಇಲ್ಲಂತ ಹೇಳಿದೆ." ಮೈಲಪ್ಪ ನೀರಿನ ಚಂಬು ಎತ್ತಿ ಕುಡಿದು ಮೀಸೆ ಒರೆಸಿಕೊಂಡಿದ್ದ. "ಹಿಂದಿನಿಂದ ಬಂದದ್ದು ಐತಿ. ನಾ ಬಾಯಿ ಬಿಟ್ಟರ ನಿನಗ ಕೆಡಕು. ನಿನ್ನ ಸಲುವಾಗಿನ ಸುಮ್ಮನಿದ್ದೇನಿ ತಂಗಿ."

ಅವನು ಹೇಳಿದ್ದು ಖರೆ ಎಂದು ಮಹೇಶ್ವರಿಗೆ ಗೊತ್ತಿತ್ತು. ಅದೇ ಕಷ್ಟ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಶುಕ್ರವಾರ ಸಾಲಿಯ ಅಂಗಳದಲ್ಲಿ ಜಮಖಾನ ಹಾಸಿದ್ದರು. ಹೆಂಗಸರು ಹಿಂದೆ ಗೋಡೆಗೆ ಆತು ನಿಂತಿದ್ದನ್ನು ಕಂಡು ಕಾವ್ಯಾ ತಾನೇ ಹೋಗಿ ಒಬ್ಬೊಬ್ಬರನ್ನೂ ಕೈಹಿಡಿದು ಮುಂದೆ ಕೂರಿಸಿದಳು. ಗಂಡಸರು ಕುರ್ಚಿಯಲ್ಲಿದ್ದರು. ಪಂಚಾಯತಿ ಸದಸ್ಯ ಪ್ರಭುಲಿಂಗಪ್ಪ ಮೈಕು ಹಿಡಿದ. ದಿಬ್ಬದ ಕೆಳಗಿನ ಹೊಲ ಅವನದು, ಮೇಲಕ್ಕೆ ಹೋಗುವ ರಸ್ತೆ ಅದರಲ್ಲೇ ಹಾಯಬೇಕಿತ್ತು.

"ನೋಡ್ರಿಪಾ, ನಮ್ಮ ಊರಾಗ ಕರೆಂಟ್ ನಿಂದ್ರೂದಿಲ್ಲ, ನೀರು ನಿಂದ್ರೂದಿಲ್ಲ, ಮಾಸ್ತರೂ ನಿಂದ್ರೂದಿಲ್ಲ. ನಿಂದ್ರದ ಬೀಸೂದು ಗಾಳಿ ಒಂದ. ಅದನ್ನರ ಒಬ್ಬರು ಕೇಳ್ಕೊಂಡು ಬಂದಾರ. ಬ್ಯಾಡನ್ನೂದು ಬ್ಯಾಡ."

ಜನ ನಕ್ಕರು. ಮಾಸ್ತರೂ ನಕ್ಕರು, ಬೇರೆ ದಾರಿ ಇರಲಿಲ್ಲ.

ಕಾವ್ಯಾ ಮೈಕು ತೆಗೆದುಕೊಂಡಳು. ಫ್ಯಾನು ಎಲ್ಲಿ ಬರುತ್ತದೆ, ತಂತಿ ಎಲ್ಲಿ ಹಾಯುತ್ತದೆ, ಸದ್ದು ಎಷ್ಟು ಬರುತ್ತದೆ, ಕುರಿ ಮೇಯಲು ಎಷ್ಟು ಜಾಗ ಉಳಿಯುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ದಿಬ್ಬದ ಚಿತ್ರ ಬಿತ್ತು. ಮೇಲಿನಿಂದ ತೆಗೆದ ಚಿತ್ರ. ಸುಣ್ಣದ ವೃತ್ತ ಬಳೆಯಷ್ಟೇ ಇತ್ತು, ಕಲ್ಲುಗಳು ಎಳ್ಳಿನ ಹಾಗೆ ಚೆಲ್ಲಿದ್ದವು. ಮಹೇಶ್ವರಿ ಆ ಎಳ್ಳುಗಳನ್ನು ನೋಡುತ್ತ ಕೂತಳು. ಜೋಡಿ ತಂಗಟೆ ಗಿಡ ಹುಡುಕಿದಳು. ಸಿಗಲಿಲ್ಲ.

"ಸೋಮವಾರ ಕೆಲಸ ಚಾಲೂ ಆಗತೈತ್ರಿ," ಎಂದಳು ಕಾವ್ಯಾ. "ಅದಕ್ಕ ಕಡೀ ಸಲ ಕೇಳಾಕತ್ತೇನಿ. ಯಾರೂ ಅಂಜಬ್ಯಾಡ್ರಿ. ಇದು ನಿಮ್ಮ ಹಕ್ಕು. ನೀವು ಹೇಳಿದ್ರ ನಾವು ಕೇಳಬೇಕು, ಇದು ಉಪಕಾರ ಅಲ್ಲ. ಆ ಜಾಗದಾಗ ನಿಮ್ಮದು ಅಂತ ಏನರ ಐತೇನು?"

ಗಂಡಸರ ಕಡೆಯಿಂದ ಇಲ್ಲ, ಇಲ್ಲ ಎಂದು ನಾಲ್ಕೈದು ದನಿ ಬಂದವು. ಹೆಂಗಸರ ಕಡೆಯಿಂದ ಏನೂ ಬರಲಿಲ್ಲ. ಯಾರೋ ಸೆರಗು ಸರಿಮಾಡಿಕೊಂಡರು. ಯಾರೋ ಜಮಖಾನದ ದಾರ ಕೀಳುತ್ತ ಕೂತರು. ಮಹೇಶ್ವರಿ ಆಚೀಚೆ ನೋಡಿದಳು. ತಲೆ ತಗ್ಗಿಸಿದ ಅಷ್ಟೂ ಹೆಂಗಸರನ್ನು ನೋಡುತ್ತ ಹೋದಂತೆ, ಅವರಲ್ಲಿ ಯಾರ್ಯಾರದು ಮೇಲೆ ಇದೆ ಎಂಬುದು ಅವಳಿಗೆ ಮುಖದಿಂದಲೇ ತಿಳಿಯತೊಡಗಿತು. ಸಕೀನಾಬಿ ಎರಡು ಸಾಲು ಹಿಂದಿದ್ದಳು. ಅವಳ ನೋಟ ಬೆನ್ನಿಗೆ ತಾಗುತ್ತಿತ್ತು.

"ಅಕ್ಕಾರ," ಎಂದು ಕಾವ್ಯಾ ನೇರವಾಗಿ ಅವಳ ಕಡೆ ನೋಡಿದಳು. "ನೀವೇನೋ ಹೇಳಾಕತ್ತಿದ್ರಿ."

ತುಟಿ ಅಲುಗಿದ್ದು ಮಹೇಶ್ವರಿಗೇ ಗೊತ್ತಾಗಿರಲಿಲ್ಲ. ಎಲ್ಲರೂ ತಿರುಗಿದರು. ಚೌಡವ್ವನ ಕೈ ಸೊಸೆಯ ಮೊಣಕಾಲ ಮೇಲೆ ಬಂದು ಕೂತಿತು. ಒತ್ತಲಿಲ್ಲ, ಸುಮ್ಮನೆ ಕೂತಿತು. ತಡೆಯುವುದಕ್ಕೋ, ಆಸರೆಗೋ, ಆ ಕೈಗೇ ತಿಳಿದಿರಲಿಲ್ಲ.

ಮಹೇಶ್ವರಿ ಬಾಯಿ ತೆರೆದಳು. ಒಂದೇ ಮಾತು ಸಾಕಿತ್ತು. ಆ ಮಾತು ಗಂಟಲಿನ ತನಕ ಬಂದು, ಅಲ್ಲಿ ಏನೂ ತಾಗದೆ, ಬಂದ ದಾರಿಯಲ್ಲೇ ಇಳಿದುಹೋಯಿತು. ಅವಳು ಬಾಯಿ ಮುಚ್ಚಿದಳು. ಕಾವ್ಯಾ ಇನ್ನೂ ಸ್ವಲ್ಪ ಹೊತ್ತು ಕಾದಳು. ಬಿಳಿ ಬಟ್ಟೆಯ ಮೇಲಿನ ದಿಬ್ಬ ಗಾಳಿಗೆ ಅಲುಗಿತು.

ಮೈಲಪ್ಪ ಕುರ್ಚಿಯಿಂದ ಎದ್ದ. ದನಿಯಲ್ಲಿ ಗಡಸು ಇರಲಿಲ್ಲ. ಸೊಸೆಯನ್ನು ಎಲ್ಲರ ಕಣ್ಣಿನಿಂದ ಬಿಡಿಸುವ ಅವಸರ ಇತ್ತು. "ಹುಡುಗಿಗೆ ಯಾಕ ತ್ರಾಸ ಕೊಡ್ತೀಯವಾ ತಂಗಿ. ನಾ ಹುಟ್ಟಿದಾಗಿಂದ ಅಲ್ಲೇ ಕುರಿ ಮೇಸೇನಿ. ಬರೇ ಕಲ್ಲು. ಬರ್ಕೋ. ದಿಬ್ಬದ ಮ್ಯಾಲೆ ಏನೂ ಇಲ್ಲ."

"ಹಂಗಾರ ಎಲ್ಲಾರೂ ಒಪ್ಪಿದಂಗ," ಎಂದ ಪ್ರಭುಲಿಂಗಪ್ಪ. ಚಹಾ ತರುವಂತೆ ಹುಡುಗರಿಗೆ ಸನ್ನೆ ಮಾಡಿದ.

ಮಹೇಶ್ವರಿಯ ಪಕ್ಕದ ಜಾಗ ತಣ್ಣಗಾಯಿತು. ನೋಡಿದರೆ ಅಲ್ಲಿ ಕೂತಿದ್ದ ಅಂಜಲಿ ಎದ್ದು ಹೋಗಿದ್ದಳು. ಕೂತ ಹೆಂಗಸರ ನಡುವೆ ಕಾಲು ಇಡಲು ಜಾಗ ಹುಡುಕುತ್ತ, ಒಬ್ಬರ ಹೆಗಲು ಹಿಡಿದು, ಇನ್ನೊಬ್ಬರ ಸೆರಗು ದಾಟಿ, ಗಂಡಸರ ಕುರ್ಚಿಗಳ ಕಡೆ ಹೋಗುತ್ತಿದ್ದಳು. ಕರೆಯಬೇಕೆಂದು ಮಹೇಶ್ವರಿ ಕೈ ಎತ್ತಿದಳು. ಎತ್ತಿದ ಕೈಯನ್ನು ತಾನೇ ಕೆಳಗೆ ಇಳಿಸಿಕೊಂಡಳು.

ಅಂಜಲಿ ಅಜ್ಜನ ಮುಂದೆ ನಿಂತಳು. ಮೊಮ್ಮಗಳು ಏನಾದರೂ ತಿನ್ನಲು ಕೇಳುತ್ತಾಳೆ ಎಂದುಕೊಂಡು ಮೈಲಪ್ಪ ಅಂಗಿಯ ಕಿಸೆಗೆ ಕೈ ಹಾಕಿದ. ಪೆಪ್ಪರಮಿಂಟು ಹುಡುಕುವ ಅವನ ಬೆರಳು ಬಟ್ಟೆಯ ಒಳಗೆ ಅಲುಗುವುದು ಕಾಣುತ್ತಿತ್ತು. ಮೈಕು ಇನ್ನೂ ಚಾಲೂ ಇತ್ತು, ಕಾವ್ಯಾಳ ಕೈಯಲ್ಲಿ, ತೀರ ಹತ್ತಿರದಲ್ಲಿ.

"ಅಜ್ಜಾ," ಎಂದಳು ಅಂಜಲಿ. "ತಂಗೀನ ಎಲ್ಲಿ ಇಟ್ಟು ಬಂದಿ?"